ಬೆಳ್ಯಾನ ಮೂತಿಗೆ ಹತ್ತಿದ ಬಣ್ಣ

ಬೆಳಗ್ಗೆ ಮನೆ ಬಿಡುವ ಮುಂಚೆ ಅಂಬುಬಾಯಿ ತನ್ನ ನಾಯಿ ಬೆಳ್ಯಾನ ಕೊರಳಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ.

ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಚಿತ್ತಾಪುರದ ಡಾಕ್ಟರು ಹೇಳಿದಂದಿನಿಂದ, ದಂಡೋತಿಯ ಹೊಲಗಳ ನಡುವೆ ಕಾಗಿಣಾ ನದಿಯ ದಂಡೆಯ ತನಕ ಹೋಗಿಬರುವುದು ಅವಳ ರೂಢಿ. ಬಿತ್ತಿದ ನೆಲ ತುಳಿಯದೆ ಬದುವಿನ ಮೇಲೆಯೇ ನಡೆಯುವಳು. ದಾರಿಗೆ ಅಡ್ಡ ಇಟ್ಟ ಮುಳ್ಳುಕಂಟಿ ಸರಿಸಿದರೆ, ದಾಟಿದ ಮೇಲೆ ಮತ್ತೆ ಎಳೆದಿಡುವಳು.

"ನಾಯಿನ ನೀ ಹಿಡದೀಯೋ, ನಾಯೇ ನಿನ್ನ ಹಿಡದದೋ?" ಎಂದು ಹೆಂಗಸರು ನಗುತ್ತಿದ್ದರು.

"ಹಾದಿ ಮಂದೀದು, ಹೊಲ ಅವರವರದು. ಹಿಡದ್ರೇ ಛಲೋ," ಎನ್ನುವಳು.

ಅವಳು ಕೂಲಿಗೆ ಹೋಗುತ್ತಿದ್ದುದು ಕಲ್ಯಾಣಪ್ಪನ ಮನೆಗೆ. ಅವನ ಎರಡು ಬೇಟೆನಾಯಿಗಳಿಗೆ ಹಗ್ಗವೇ ಇರಲಿಲ್ಲ. ಕಟ್ಟಿದರೆ ಹೇಡಿಯಾಗುತ್ತವೆ ಎಂಬುದು ಅವನ ಮಾತು.

ಕಾರಹುಣ್ಣಿಮೆಯ ಸಂಜೆ ಅವನ ಅಂಗಳದಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ ಬೆಳ್ಯಾ ಕೆಂಪು ಬಣ್ಣದ ಬೋಗುಣಿಗೆ ಮೂತಿ ಹಾಕಿತು. "ನೋಡ್ರಲೇ, ಅಂಬುಬಾಯಿ ನಾಯಿ ಎಲಿ ಅಡಕಿ ತಿಂದದ!" ಎಂದು ಕಲ್ಯಾಣಪ್ಪ ಹೊಟ್ಟೆ ಹಿಡಿದು ನಕ್ಕ. ಎಷ್ಟು ತೊಳೆದರೂ ಬಿಳಿಯ ಮೂತಿಯಿಂದ ಬಣ್ಣ ಹೋಗಲಿಲ್ಲ.

ಗೊಬ್ಬರಕ್ಕೆಂದು ಕಲ್ಯಾಣಪ್ಪನ ಹೊಲದಲ್ಲಿ ರಾತ್ರಿ ಕುರಿಹಿಂಡು ತರುಬಿ ನಿಲ್ಲಿಸಿದ್ದ ಕುರಿಗಾರ ಬೀರಲಿಂಗನ ಕುರಿಮರಿಗಳನ್ನು ಆ ರಾತ್ರಿ ಯಾವುದೋ ನಾಯಿ ಕೊಂದಿತ್ತು. ಬೆಳಗ್ಗೆ ಬದುವಿನ ಮೇಲೆ ಅಂಬುಬಾಯಿ ಬಂದಾಗ ಬೀರಲಿಂಗನ ಕಣ್ಣಿಗೆ ಬಿದ್ದದ್ದು ಬೆಳ್ಯಾನ ಮೂತಿ.

"ನೆತ್ತರ ಒರಸದೇ ಬಂದಾಳ, ನೋಡ್ರಿ!"

"ಬಣ್ಣ ಅದ ಯಪ್ಪಾ, ಎತ್ತಿನ ಬಣ್ಣ!" ಅವಳು ನಾಯಿಗೆ ಅಡ್ಡ ನಿಂತಳು. ಸತ್ತ ಮರಿ ನೋಡಲು ಬಂದಿದ್ದ ಕಲ್ಯಾಣಪ್ಪ ಅಲ್ಲೇ ಇದ್ದ. "ಸಾವ್ಕಾರ್ರ, ನೀವೇ ನೋಡೀರಲ್ರೀ! ಒಂದು ಮಾತು ಹೇಳ್ರೀ!"

ಅದು ಬಣ್ಣ ಎಂದು ತಾನು ಹೇಳಿದರೆ ಮುಂದಿನ ಪ್ರಶ್ನೆ ತನ್ನ ನಾಯಿಗಳದೇ ಎಂದು ಅವನಿಗೆ ಗೊತ್ತಿತ್ತು. ಅವನು ನದಿಯ ಕಡೆ ಮುಖ ತಿರುಗಿಸಿ ನಿಂತ.

ಬೀರಲಿಂಗನ ಬಡಿಗೆಯ ಮೊದಲ ಏಟಿಗೆ ಬೆಳ್ಯಾನ ಬೆನ್ನು ಮುರಿಯಿತು. ಓಡಲು ಎಳೆಯಿತು, ಹಗ್ಗ ಅವಳ ಮುಂಗೈಯಲ್ಲಿ ಬಿಗಿದು ಕೂತಿತ್ತು. ಬಿಚ್ಚಲು ಹಲ್ಲು ಹಚ್ಚಿ ಎಳೆದಳು. ಏಟುಗಳು ಬೀಳುತ್ತಲೇ ಇದ್ದವು. ಗಂಟು ಬಿಚ್ಚಿದಾಗ ನಾಯಿಗೆ ಓಡುವ ಅಗತ್ಯ ಉಳಿದಿರಲಿಲ್ಲ.

ಮರುದಿನ ನಸುಕಿನಲ್ಲಿ ಕಲ್ಯಾಣಪ್ಪನ ನಾಯಿಗಳು ಇನ್ನೊಂದು ಮರಿಯನ್ನು ಎಳೆದೊಯ್ಯುವುದನ್ನು ಬೀರಲಿಂಗ ಕಣ್ಣಾರೆ ಕಂಡ. ಬಂದು ಅವಳ ಬಾಗಿಲಲ್ಲಿ ತಲೆ ತಗ್ಗಿಸಿ ಕೂತ.

ಸಂಜೆ ಕಲ್ಯಾಣಪ್ಪ ನಾಯಿಮರಿಯೊಂದನ್ನು ಎತ್ತಿಕೊಂಡು ಬಂದ.

"ನಮ್ಮ ಮನೀದು, ಭಾಳ ಛಲೋ ಜಾತಿ. ಆಗಿದ್ದು ಆಗಿಹೋಯ್ತು, ತಗೋ. ಎಷ್ಟಂತ ಅಳ್ತಿ?"

ಮರಿ ಅವನ ಬೆರಳು ಚೀಪುತ್ತಿತ್ತು. ಅಂಬುಬಾಯಿ ಕೈ ಚಾಚಲಿಲ್ಲ.

"ನಾ ಬೇಡಿದ್ದು ಒಂದು ಮಾತು ಸಾವ್ಕಾರ್ರ. ಅದು ನಿಮ್ಮ ಬಲ್ಲಿ ಇರಲಿಲ್ಲ. ಇದು ಇನ್ನಾ ಹಾಲು ಕುಡಿಯೋ ಕೂಸು, ಒಯ್ದು ಅದರ ತಾಯಿ ಬಲ್ಲಿ ಬಿಡ್ರಿ. ನನಗ ಬ್ಯಾಡ."