ಎಕ್ಸ್ ಪಾರ್ಟಿ ಹನುಮಂತಮ್ಮ

ನನ್ನ ಗಂಡ ವಕೀಲರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಚನ್ನಗಿರಿ ಕೋರ್ಟಿಗೆ ಬರುವವರಲ್ಲಿ ಅರ್ಧ ಜನ ಇವರನ್ನು ವಕೀಲರೆಂದೇ ತಿಳಿದಿದ್ದಾರೆ. ಇವರೂ ಅದನ್ನು ಅಲ್ಲಗಳೆದದ್ದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ. ಹೆಸರು ರೇಣುಕಪ್ರಸಾದ್. ಕೋರ್ಟಿನ ಗೇಟಿಗೆ ಎದುರಾಗಿ ನಮ್ಮದೊಂದು ಅಂಗಡಿ. ಟೈಪಿಂಗ್ ಅವರದು, ಜೆರಾಕ್ಸ್ ನನ್ನದು. ದಾವಣಗೆರೆಯಲ್ಲಿ ಒಂದು ವರ್ಷ ಕಾನೂನು ಓದಿ, ನಮ್ಮ ಮಾವನವರು ತೀರಿಕೊಂಡಾಗ ಅರ್ಧಕ್ಕೇ ಬಿಟ್ಟು ಬಂದವರು. ಆ ಒಂದು ವರ್ಷದ ಲ್ಯಾಟಿನ್ ಮಾತ್ರ ಇವರನ್ನು ಬಿಟ್ಟು ಹೋಗಲಿಲ್ಲ.

ಅರ್ಥ ಹೇಳುವುದರಲ್ಲಿ ಇವರು ಗಟ್ಟಿಗರು, ಅದನ್ನು ನಾನೂ ಒಪ್ಪುತ್ತೇನೆ. ಕೋರ್ಟಿನ ಕಾಗದ ಹಿಡಿದು ಕಣ್ಣು ಕಣ್ಣು ಬಿಡುತ್ತಾ ಬಂದವರಿಗೆ ಬೆರಳು ಟೈಪಿನ ಮೇಲಿರುವಾಗಲೇ ಹೇಳಿ ಕಳಿಸುತ್ತಾರೆ. "ಸ್ಟೇಟಸ್ ಕೋ ಅಂದ್ರೆ ಇದ್ದದ್ದು ಇದ್ದಂಗೇ ಇರ್ಲಿ. ತೀರ್ಮಾನ ಆಗೋತನ್ಕ ಹೊಲದ ಬದಿನ ಮೇಲೆ ಯಾರೂ ಸಲಿಕೆ ಇಡಂಗಿಲ್ಲ." "ಕೇವಿಯಟ್ ಅಂದ್ರೆ, ನನ್ನ ಕೇಳ್ದೆ ಆ ಮನುಷ್ಯಂಗೆ ಸ್ಟೇ ಕೊಡಬ್ಯಾಡ್ರಿ ಅಂತ ಕೋರ್ಟಿಗೆ ಮುಂಚೇನೇ ಹೇಳಿಡದು." ಹೊನ್ನಾಳಿಯಿಂದ ಒಬ್ಬ ತಂದೆ ಓಡಿಬಂದು ಹೇಬಿಯಸ್ ಕಾರ್ಪಸ್ ಅಂದರೇನು ಎಂದು ಕೇಳಿದಾಗ, "ಆಸಾಮಿನ ತಂದು ಮುಂದೆ ನಿಲ್ಸು ಅಂತ ಪೊಲೀಸ್ರಿಗೆ ಹೇಳದು" ಎಂದರು. ಆತನ ಅಳುವೇ ನಿಂತುಹೋಯಿತು. ಒಳಗೊಳಗೇ ನನಗೂ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಆ ಹೆಮ್ಮೆ ಇಳಿದದ್ದು ಕಳೆದ ವರ್ಷ ಶ್ರಾವಣದ ಒಂದು ಸೋಮವಾರ.

ಹನ್ನೊಂದರ ಹೊತ್ತಿಗೆ ಸಂತೇಬೆನ್ನೂರಿನ ಹನುಮಂತಮ್ಮ ಬಂದಳು. ಐವತ್ತೈದರ ಹೆಂಗಸು, ಗಂಡ ತೀರಿಹೋಗಿ ನಾಲ್ಕು ವರ್ಷ. ಆತ ಕಟ್ಟಿಸಿಕೊಟ್ಟ ಒಂದು ಕೋಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹುಬ್ಬಿನ ಮೇಲೆ ಹಿಟ್ಟು ಕೂತೇ ಇರುತ್ತದೆ. ಆ ಕೋಣೆ ತನ್ನ ಪಾಲಿಗೆ ಸೇರಿದ್ದು, ಬಿಡಿಸಿಕೊಡಿ ಎಂದು ಅವಳ ಮೈದುನ ಬಂಗಾರಪ್ಪ ದಾವೆ ಹಾಕಿದ್ದ. ಅವತ್ತು ಅವಳ ಮುಖದಲ್ಲಿ ಕೇಸಿನವರ ಕಳೆಯೇ ಇರಲಿಲ್ಲ. ಒಂದು ಚೀಲ ಜೋಳದ ಹಿಟ್ಟು ತಂದು ನನ್ನ ಮೇಜಿನ ಮೇಲಿಟ್ಟಳು.

"ನಮ್ಮ ಗಿರಣಿದೇ ಕಣವ್ವ. ರೊಟ್ಟಿ ಮೆತ್ತಗೆ ಬರ್ತಾವೆ. ರೇಣುಕಣ್ಣ ನನ್ನ ಕೇಸಿಂದ ಬಿಡಿಸಿದ್ನಲ್ಲ, ಬರಿಗೈಲಿ ಹೆಂಗೆ ಬರಲಿ?"

ಇವರು ತಲೆ ಎತ್ತಿದರು. "ಯಾವ ಕೇಸಿಂದ?"

"ನಂದೇ ಕಣಣ್ಣ. ನೀನೇ ಹೇಳಿದ್ಯಲ್ಲ. ನಾನೀಗ ಎಕ್ಸ್ ಪಾರ್ಟಿ!" ಎಂದು ನಕ್ಕಳು. "ನಮ್ಮೂರಾಗೆ ಬೀದಿಗೊಬ್ಬ ಪಂಚಾಯ್ತಿ ಎಕ್ಸ್ ಮೆಂಬರ್ ಅದಾನೆ. ನಾನೂ ಒಂದು ಎಕ್ಸ್ ಆದ್ನಲ್ಲ ಅಂತ ಮಗಳ ಹತ್ರ ಹೇಳಿ ನಕ್ಕೆ."

ನನ್ನ ಕೈಯಲ್ಲಿದ್ದ ಕಾಗದದ ಕಟ್ಟು ಹಾಗೇ ನಿಂತಿತು. ಎಕ್ಸ್ ಪಾರ್ಟಿ ಅಂದರೆ ಏನೆಂದು ಕೋರ್ಟಿನ ಮುಂದೆ ಅಂಗಡಿ ಇಟ್ಟವಳಿಗೆ ಗೊತ್ತಿಲ್ಲದೆ ಇದ್ದೀತೆ? ಕರೆದರೂ ಬಾರದವರನ್ನು ಪಕ್ಕಕ್ಕಿಟ್ಟು, ಎದುರಿನವರ ಮಾತನ್ನಷ್ಟೇ ಕೇಳಿಕೊಂಡು ಕೇಸು ನಡೆಸುವುದು. ಹನುಮಂತಮ್ಮ ಕೇಸಿನಿಂದ ಹೊರಗೆ ಬಂದಿರಲಿಲ್ಲ. ಕೇಸು ಅವಳನ್ನು ಬಿಟ್ಟು ಮುಂದೆ ಹೋಗಿತ್ತು.

ಎರಡು ತಿಂಗಳ ಹಿಂದೆ ನಡೆದದ್ದು ಇಷ್ಟು. ಸಮನ್ಸಿನಲ್ಲಿ ಬರೆದ ದಿನ ಅವಳು ಜಗಳೂರಿನ ಆಸ್ಪತ್ರೆಯಲ್ಲಿ ಮಗಳ ಹೆರಿಗೆಗೆ ನಿಂತಿದ್ದಳು. ಎರಡು ದಿನ ತಡವಾಗಿ ಸಮನ್ಸ್ ಹಿಡಿದು ನಮ್ಮ ಅಂಗಡಿಗೆ ಓಡಿಬಂದಳು. ಇವರು ಕಂಪ್ಯೂಟರಿನಲ್ಲಿ ಕೇಸಿನ ನಂಬರ್ ಹಾಕಿ ನೋಡಿ, ಬೇರೆ ಯಾರದೋ ಅರ್ಜಿ ಟೈಪು ಮಾಡುತ್ತಲೇ, "ನಿಮ್ಮನ್ನ ಎಕ್ಸ್ ಪಾರ್ಟಿ ಮಾಡಿಬಿಟ್ಟಾರೆ. ಇನ್ನ ನಿಮ್ಮನ್ನ ಕೂಗಲ್ಲ" ಎಂದರು. ಇವರ ಬಾಯಲ್ಲಿ 'ಮಾಡಿಬಿಟ್ಟಾರೆ' ಅಂದರೆ ಆಗಬಾರದ್ದು ಆಗಿಹೋಯಿತು ಅಂತ. ಅವಳ ಕಿವಿಗೆ ಬಿದ್ದದ್ದು ಎಕ್ಸ್ ಪಾರ್ಟಿ ಮಾಡಿ, ಬಿಟ್ಟಾರೆ ಅಂತ. ಬಿಟ್ಟರು ಅಂದಮೇಲೆ ಇನ್ನೇನು! ಕೈಮುಗಿದು, ಸಂತೇಬೆನ್ನೂರಿನ ಬಸ್ಸು ಹತ್ತಿದಳು.

ಈಗ ಇವರು ಮತ್ತೆ ಆ ನಂಬರ್ ಹಾಕಿದರು. ಒಂದು ಸಲ ತಪ್ಪಾಯಿತು, ಅಳಿಸಿ ಮತ್ತೆ ಹಾಕಿದರು. ಬಂಗಾರಪ್ಪನ ಸಾಕ್ಷಿ ಮುಗಿದಿತ್ತು. ಮುಂದಿನ ವಾಯಿದೆ ವಾದಕ್ಕೆ. ತಾರೀಕು ಮಾರನೆಯ ದಿನದ್ದು.

"ಹನುಮಂತಮ್ಮ, ಕುಂದುರ್ರಿ" ಎಂದರು. ಇವರು ಯಾರಿಗೂ ಕೂರಲು ಹೇಳುವವರಲ್ಲ. ಅಷ್ಟಕ್ಕೇ ಅವಳ ನಗು ಹೋಯಿತು.

ಹೇಳಿ ಮುಗಿಸಿದ ಮೇಲೆ ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಹಂಗಾರೆ ಗಿರಣಿ?" ಎಂದಳು. ಇವರು ಕಂಪ್ಯೂಟರ್ ಆರಿಸಿ ಎದ್ದರು, ಅವಳು ನನ್ನ ಕಡೆ ತಿರುಗಿ ಮತ್ತೆ ಅದನ್ನೇ ಕೇಳಿದಳು. ನಾನು ಹಿಟ್ಟಿನ ಚೀಲವನ್ನು ನೋಡುತ್ತಾ ನಿಂತೆ.

ಮೂವರೂ ಸಂಧ್ಯಾರಾಣಿಯವರ ಆಫೀಸಿಗೆ ಓಡಿದೆವು. ವಯಸ್ಸಿನಲ್ಲಿ ಚಿಕ್ಕವರಾದರೂ ಚುರುಕಾದ ವಕೀಲರು. ಸಮನ್ಸ್ ನೋಡಿ, "ನಾಳೆ ವಾದ ಕೇಳಿ ತೀರ್ಪಿಗೆ ಇಟ್ಟುಬಿಟ್ರೆ ಬಂಗಾರಪ್ಪನ ಪರ ಡಿಕ್ರಿ ಆಗೋದು ನೋಡ್ಕೊಂಡು ಕೂರಬೇಕು. ಆಮೇಲೆ ಅದನ್ನ ರದ್ದು ಮಾಡ್ಸೋದೇ ಒಂದು ಬೇರೆ ಪಡಿಪಾಟಲು. ಅಷ್ಟರಾಗೆ ಅವ್ರು ಗಿರಣಿಗೆ ಬೀಗ ಹಾಕ್ಸಿದ್ರೂ ಹಾಕ್ಸಿದ್ರೇ. ಏನಿದ್ರೂ ನಾಳೆ ಬೆಳಿಗ್ಗೆನೇ ಅರ್ಜಿ ಹಾಕಬೇಕು. ಎರಡು ತಿಂಗಳು ಯಾಕೆ ಬರ್ಲಿಲ್ಲ ಅನ್ನಾಕೆ ಕಾರಣ ಬೇಕು. ರೇಣುಕಣ್ಣ, ಕಾಮಾಲೆ ಐತಲ್ಲ, ಅದನ್ನೇ ಹಾಕಿ ತರ್ರಿ" ಎಂದರು.

ಕಾಮಾಲೆಯ ಕತೆ ನಮ್ಮ ಕೋರ್ಟಿನವರಿಗೆಲ್ಲ ಗೊತ್ತು. ವಾಯಿದೆ ತಪ್ಪಿಸಿಕೊಂಡ ಪ್ರತಿಯೊಬ್ಬರಿಗೂ ಕಾಗದದಲ್ಲಿ ಕಾಮಾಲೆ ಆಗಿರುತ್ತದೆ. ನಾಟಿ ಔಷಧಿ ತಗೊಂಡು, ಉಪ್ಪು ಖಾರ ಬಿಟ್ಟು, ಹಾಸಿಗೆ ಹಿಡಿದಿರುತ್ತಾರೆ. ಇವರ ಕಂಪ್ಯೂಟರಿನಲ್ಲಿ ಆ ಪ್ರಮಾಣಪತ್ರ ತಯಾರಾಗಿಯೇ ಇದೆ. ಹೆಸರು, ಊರು ಬದಲಾಯಿಸಿದರೆ ಆಯಿತು.

ಹನುಮಂತಮ್ಮ ತಲೆಯಾಡಿಸಿದಳು. "ನಡಿಯಲ್ಲವ್ವ. ಈ ಎರಡು ತಿಂಗ್ಳಾಗೆ ಗಿರಣಿ ಒಂದಿನಾನೂ ನಿಂತಿಲ್ಲ, ಊರೆಲ್ಲ ನೋಡೈತೆ. ಬಂಗಾರಪ್ಪನ ಹೆಂಡ್ತೀನೇ ವಾರ ವಾರ ನನ್ನ ಹತ್ರ ಬಂದು ರಾಗಿ ಬೀಸ್ಕೊಂಡು ಹೋಗ್ಯಾಳೆ. ನನಗೆ ಕಾಮಾಲೆ ಅಂದ್ರೆ ಅವಳೇ ನಗ್ತಾಳೆ."

ಸಂಧ್ಯಾರಾಣಿ ಪೆನ್ನು ಕೆಳಗಿಟ್ಟರು. "ಹಂಗಾದ್ರೆ ಉಳಿದಿರೋದು ನಿಜಾನೇ. ಎಕ್ಸ್ ಪಾರ್ಟಿ ಅಂದ್ರೆ ಬಿಟ್ಟುಬಿಟ್ರು ಅಂತ ತಿಳ್ಕೊಂಡೆ ಅಂತ ಬರೀಬೇಕು. ಹೇಳಿದ್ದು ಯಾರು ಅಂತ ಎದುರು ವಕೀಲ್ರು ಕೇಳೇ ಕೇಳ್ತಾರೆ. ರೇಣುಕಣ್ಣ, ನೀವೂ ಒಂದು ಪ್ರಮಾಣಪತ್ರ ಕೊಡಬೇಕಾಗ್ತದೆ."

ಅದೆಂದರೆ, ಟೈಪಿಸ್ಟ್ ಒಬ್ಬ ಕಾನೂನು ಹೇಳಿ ಹೆಂಗಸೊಬ್ಬಳ ಕೇಸು ಕೆಡಿಸಿದ ಎಂದು ಇವರ ಕೈಯಿಂದಲೇ ಬರೆದುಕೊಟ್ಟ ಹಾಗೆ. ವಕೀಲರ ಸಂಘದವರು ಸುಮ್ಮನಿರುತ್ತಾರೆಯೆ? ಆದರೂ ಇವರು ಒಲ್ಲೆ ಅನ್ನಲಿಲ್ಲ. "ಕೊಡ್ತೀನಿ. ಆದ್ರೆ ನಾನು ಅವತ್ತೇ ಹೇಳಿದ್ದೆ, ವಕೀಲರನ್ನ ಕಾಣ್ರಿ ಅಂತ. ಅದನ್ನೂ ಬರೀತೀನಿ" ಎಂದು ನನ್ನ ಕಡೆ ತಿರುಗಿದರು. "ಹೇಳಿದ್ದೆ ಅಲ್ಲೇನೇ? ನೀನು ಅಲ್ಲೇ ಇದ್ದೆ."

ಇದ್ದೆ. ಇವರ ಮಾತನ್ನೂ ಕೇಳಿದ್ದೆ, ಹನುಮಂತಮ್ಮ ನಗುನಗುತ್ತಾ ಮೆಟ್ಟಿಲಿಳಿದದ್ದನ್ನೂ ನೋಡಿದ್ದೆ. ಎಕ್ಸ್ ಪಾರ್ಟಿ ಆದವಳು ಯಾಕೆ ನಗುತ್ತಾಳೆ ಎಂದು ಆ ಕ್ಷಣ ಅನ್ನಿಸಿಯೂ ಇತ್ತು. ಜೆರಾಕ್ಸಿಗೆ ಆರು ಜನ ನಿಂತಿದ್ದರು. ಅವಳನ್ನು ಹಿಂದಕ್ಕೆ ಕರೆಯಲಿಲ್ಲ.

"ಇಲ್ರೀ. ಹೇಳ್ಲಿಲ್ಲ" ಎಂದೆ. "ಇನ್ನ ಕೂಗಲ್ಲ ಅಂದ್ರಿ, ಅಷ್ಟೇ. ನಾನೂ ಸುಮ್ಮನಿದ್ದೆ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ನನ್ನನ್ನು ಹಾಗೆ ನೋಡಿದ್ದಿಲ್ಲ. ಸಿಟ್ಟು ಬಂದಿದ್ದರೆ ನನಗೇ ಹಗುರಾಗುತ್ತಿತ್ತು. ಬರಲಿಲ್ಲ.

ಸಂಜೆ ಅಂಗಡಿಯಲ್ಲಿ ಎರಡು ಪ್ರಮಾಣಪತ್ರ ಟೈಪಾದವು. ಅವಳದು ಬೇಗ ಮುಗಿಯಿತು. ತಮ್ಮದಕ್ಕೆ ಇವರು ಒಂದೂವರೆ ಗಂಟೆ ತೆಗೆದುಕೊಂಡರು. ನಡುವೆ ನಾಲ್ಕು ಸಲ ನೀರು ಕುಡಿದರು, ನಾಳೆಯ ಪಟ್ಟಿಯಲ್ಲಿ ಕೇಸು ಎಷ್ಟನೆಯದು ಎಂದು ಎಂಟು ಸಲ ನೋಡಿದರು. ಹದಿನೇಳನೆಯದು, ಎಷ್ಟು ಸಲ ನೋಡಿದರೂ ಹದಿನೇಳನೆಯದೇ. ಮನೆಗೆ ಹೋದ ಮೇಲೆ ಆ ಹಿಟ್ಟನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ, ಅನ್ನಕ್ಕಿಟ್ಟೆ. ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಮಂಗಳವಾರ ನಾನು ಅಂಗಡಿ ತೆಗೆಯಲೇ ಇಲ್ಲ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಹನುಮಂತಮ್ಮನ ಪಕ್ಕ ಕೂತೆ. ಹದಿನಾರು ಮುಗಿಯಿತು. ಜವಾನ ಬಾಗಿಲಲ್ಲಿ ನಿಂತು "ಬಂಗಾರಪ್ಪಾ" ಎಂದು ಮೂರು ಸಲ ಕೂಗಿದ. ಬಂಗಾರಪ್ಪ ಬಂದು ನಿಂತ. ಆಮೇಲೆ ಯಾರನ್ನೂ ಕೂಗಲಿಲ್ಲ.

ಹನುಮಂತಮ್ಮ ನನ್ನ ಮೊಣಕೈ ಹಿಡಿದಳು. "ನನ್ನ ಹೆಸ್ರು ಕರೀಲಿಲ್ವಲ್ಲ ತಾಯಿ?"

"ಕರೆಯಲ್ಲ ಕಣಮ್ಮ, ಅದೇ ಎಕ್ಸ್ ಪಾರ್ಟಿ. ಎದ್ದು ನಡೀರಿ" ಎಂದು ಬೆನ್ನು ಹಿಡಿದು ನೂಕಿದೆ.

ಸಂಧ್ಯಾರಾಣಿ ನ್ಯಾಯಾಧೀಶರಿಗೆ ಅರ್ಜಿ ಕೊಟ್ಟರು. ಎದುರು ವಕೀಲರು ಪೂರ್ತಿ ಓದುವ ಮೊದಲೇ ಎದ್ದರು. "ಇಗ್ನೋರೆಂಟಿಯಾ ಜೂರಿಸ್ ನಾನ್ ಎಕ್ಸ್‌ಕ್ಯೂಸಾಟ್, ಮೇಡಂ. ಕಾನೂನು ಗೊತ್ತಿರಲಿಲ್ಲ ಅನ್ನೋದು ನೆಪ ಆಗೋದಿಲ್ಲ. ಇದನ್ನ ಒಪ್ಪಿಕೊಂಡರೆ ನಾಳೆ ಎಲ್ಲರೂ ಇದೇ ಹೇಳ್ಕೊಂಡು ಬರ್ತಾರೆ." ಆ ಮಾತನ್ನು ನನ್ನ ಗಂಡ ಎಷ್ಟು ಜನಕ್ಕೆ ಅರ್ಥ ಬಿಡಿಸಿ ಹೇಳಿದ್ದರೋ. ಈಗ ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಸಂಧ್ಯಾರಾಣಿ ಒಂದು ಹೆಜ್ಜೆ ಮುಂದೆ ಬಂದರು. "ಕಾನೂನು ಗೊತ್ತಿಲ್ಲ ಅಂತ ಈಕೆ ಮನೇಲಿ ಕೂತಿರಲಿಲ್ಲ, ಮೇಡಂ. ಎರಡೇ ದಿನಕ್ಕೆ ಬಂದು ವಿಚಾರಿಸಿದ್ದಾರೆ. ಬಂದವರಿಗೆ ಸಿಕ್ಕಿದ ಉತ್ತರ ಬೇರೆ ಥರ ಕೇಳಿಸಿದೆ. ಆಡಿ ಆಲ್ಟರಂ ಪಾರ್ಟೆಂ, ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು ಅನ್ನೋದೂ ಅಷ್ಟೇ ಹಳೇ ನಿಯಮ. ಅಷ್ಟನ್ನೇ ಕೇಳ್ಕೋತೀನಿ."

ನ್ಯಾಯಾಧೀಶರು ಹನುಮಂತಮ್ಮನನ್ನು ನೋಡಿದರು. "ಎಕ್ಸ್ ಪಾರ್ಟಿ ಅಂದ್ರೆ ಏನು ತಿಳ್ಕೊಂಡಿದ್ರಿ?"

"ಪಾರ್ಟಿ ಅಲ್ಲದೋಳು ಅಂತ ಕಣವ್ವ. ಎಕ್ಸ್ ಮೆಂಬರ್ ಮೀಟಿಂಗಿಗೆ ಬರಂಗಿಲ್ಲ ನೋಡ್ರಿ, ಹಂಗೆ."

ಹಾಲಿನಲ್ಲಿ ನಗು ಎದ್ದಿತು. ನನಗೆ ಮೈ ಉರಿಯಿತು. ನ್ಯಾಯಾಧೀಶರು ನಗಲಿಲ್ಲ. ಇವರನ್ನು ಕರೆದು, "ವಕೀಲರನ್ನ ಕಾಣಿ ಅಂತ ಇವರಿಗೆ ಹೇಳಿದ್ರಾ?" ಎಂದರು.

"ಇಲ್ಲ ಮೇಡಂ. ಹೇಳೀನಿ ಅಂತ ನಂಬ್ಕೊಂಡಿದ್ದೆ. ಹೇಳಿರ್ಲಿಲ್ಲ."

"ಅರ್ಥ ಹೇಳೋಕೆ ನೀವ್ಯಾರು?"

"ಟೈಪಿಸ್ಟ್ ಮೇಡಂ" ಎಂದರು, ಎಲ್ಲರಿಗೂ ಕೇಳುವ ಹಾಗೆ.

ಆದೇಶ ಊಟದ ಬಿಡುವಿನ ನಂತರ ಎಂದರು. ಅಲ್ಲಿಯವರೆಗಿನ ಒಂದೂವರೆ ಗಂಟೆಯನ್ನು ನಾವು ಕೋರ್ಟಿನ ಕಟ್ಟೆಯ ಮೇಲೆ ಕಳೆದೆವು. ಬಂಗಾರಪ್ಪ ಅತ್ತಿಗೆಯ ಮುಂದೆಯೇ ಎರಡು ಸಲ ಹಾದುಹೋದ. ಹನುಮಂತಮ್ಮ ಗಿರಣಿಯ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟುವಳು, ಬಿಚ್ಚುವಳು, ಮತ್ತೆ ಕಟ್ಟುವಳು. ಇವರು ಚಹಾ ತಂದುಕೊಟ್ಟರು, ಯಾರೂ ಕುಡಿಯಲಿಲ್ಲ. ಅವಳಿಗೆ ಒಂದು ಸಮಾಧಾನದ ಮಾತು ಹೇಳಬೇಕೆಂದು ನನಗೆ ಬಹಳ ಆಸೆ ಇತ್ತು. ಮತ್ತೆ ಇನ್ನೊಂದು ಸುಳ್ಳು ನೆಮ್ಮದಿ ಕೊಟ್ಟೇನೋ ಎಂಬ ಭಯದಲ್ಲಿ ಬಾಯಿ ಮುಚ್ಚಿಕೊಂಡೆ.

ಮೂರು ಗಂಟೆಗೆ ಆದೇಶ ಓದಿದರು. ಎಕ್ಸ್ ಪಾರ್ಟಿ ಆದೇಶ ರದ್ದು. ಹದಿನೈದು ದಿನದೊಳಗೆ ಪ್ರತಿವಾದಿ ತನ್ನ ತಕರಾರು ಸಲ್ಲಿಸಬೇಕು, ಇನ್ನೊಮ್ಮೆ ತಪ್ಪಿದರೆ ಕೇಳುವುದಿಲ್ಲ. ಇವರಿಗೂ ಎರಡು ಮಾತು ಬಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಹೊರಗೆ ಬಂದಾಗ ಹನುಮಂತಮ್ಮ ಇವರ ಮುಂದೆ ನಿಂತಿದ್ದಳು. "ರೇಣುಕಣ್ಣ, ಈಗ ನಾನು ಏನಾದೆ?"

ಇವರು ಒಂದೊಂದೇ ಮಾತಾಗಿ ಹೇಳಿದರು, ಲ್ಯಾಟಿನ್ ಇಲ್ಲ, ಇಂಗ್ಲಿಷ್ ಇಲ್ಲ. ಹೇಳಿ ಮುಗಿಸಿ, "ಏನು ತಿಳೀತು, ನನಗೊಂದ್ಸಲ ಹೇಳ್ರಿ" ಎಂದರು.

ಅವಳು ಬೆರಳು ಮಡಚುತ್ತಾ ಹೇಳಿದಳು. "ನಾನೀಗ ಮತ್ತೆ ಪಾರ್ಟಿ. ಕೂಗಿದಾಗೆಲ್ಲ ಬರಬೇಕು. ಹದಿನೈದು ದಿನದಾಗೆ ಈ ಲಾಯರಮ್ಮ ನನ್ನ ಮಾತು ಬರೆದು ಕೊಡಬೇಕು. ಗೆದ್ದಿಲ್ಲ. ಗಿರಣಿ ಉಳೀತು ಅಂತಾನೂ ಇಲ್ಲ." ಸೆರಗಿನ ತುದಿಯ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡಳು. "ಅಂದ್ರೆ, ಈ ಎರಡು ತಿಂಗ್ಳು ನಿಶ್ಚಿಂತಿಯಾಗಿ ಮಲಗಿದ್ನಲ್ಲಣ್ಣ, ಇನ್ಮೇಲೆ ಹಂಗೆ ಮಲಗಂಗಿಲ್ಲ."

"ಹೌದ್ರೀ" ಎಂದರು ಇವರು. "ಈಗ ಸರಿಯಾಗಿ ತಿಳ್ಕೊಂಡ್ರಿ."