ಡಬ್ಬಿಯಲ್ಲಿ ಹೆಚ್ಚಾದ ಹನ್ನೊಂದು ವಾಷರ್

ಪೀಣ್ಯದಲ್ಲಿ ತಗಡು ಕತ್ತರಿಸಿ ವಾಷರ್ ಮಾಡುವ ನಮ್ಮ ಪ್ರೆಸ್ ಶಾಪಿನಲ್ಲಿ ವರ್ಷವೆಂದರೆ ಒಂದು ಆಯುಧಪೂಜೆಯಿಂದ ಇನ್ನೊಂದಕ್ಕೆ. ಆ ವರ್ಷದ ಹಾಡುಗಾರರಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂಬುದನ್ನು ಪೂಜೆಯ ಹಿಂದಿನ ದಿನ, ಮೆಷಿನ್ ತೊಳೆದ ಮೇಲೆ, ನಾವೇ ತೀರ್ಮಾನಿಸುತ್ತಿದ್ದೆವು. ಗೋಡೆಯ ಪಕ್ಕ ಐದು ಗ್ರೀಸ್ ಡಬ್ಬಿ. ಒಂದೊಂದರ ಮೇಲೂ ಒಬ್ಬ ಗಾಯಕನದೋ ತಂಡದ್ದೋ ಹೆಸರು, ಚಾಕ್‌ಪೀಸಿನಲ್ಲಿ. ತಲೆಗೊಂದು ರಿಜೆಕ್ಟ್ ವಾಷರ್, ಅದೇ ಓಟು. ಮೊದಲು ಬಂದವರ ಹಾಡು ಮರುದಿನ ಬೂದುಗುಂಬಳ ಒಡೆದ ತಕ್ಷಣ ಸ್ಪೀಕರಿನಲ್ಲಿ ಬರಬೇಕು.

ವಾಷರ್ ಹಂಚುವುದೂ ಎಣಿಸುವುದೂ ನನ್ನ ಕೆಲಸ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಆ ಶಾಪಿನಲ್ಲಿ ನಾನು ಸರಿ ಎಂದ ಮಾಲನ್ನು ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ. ನಾನು ಸಂಪಾದಿಸಿದ್ದು ಅದೊಂದನ್ನೇ.

ಆ ವರ್ಷ ಎರಡೂ ಪಾಳಿಯ ನಲವತ್ತು ಜನಕ್ಕೆ ನಲವತ್ತು ಹಂಚಿದ್ದೆ. ಎಣಿಸಿದರೆ ಐವತ್ತೊಂದು. ಮದುವೆ ಮನೆಗಳಲ್ಲೆಲ್ಲ ಕೇಳುತ್ತಿದ್ದ ಗಡ್ಡದ ಗಾಯಕನನ್ನು ಹಿಂದಿಕ್ಕಿ ರ‍್ಯಾಪ್ ತಂಡವೊಂದು ಮೊದಲು ಬಂದಿತ್ತು.

ನನ್ನ ಕಣ್ಣು ಸೀದಾ ಹೋದದ್ದು ಕ್ವಾಲಿಟಿ ವಿಭಾಗದ ಇಂಜಿನಿಯರ್ ಹೆಣ್ಣುಮಗಳ ಮೇಲೆ. ಊಟದ ಹೊತ್ತಿನಲ್ಲಿ ಅವಳು ಕಿವಿಗೆ ಹಾಕಿಕೊಳ್ಳುತ್ತಿದ್ದುದು ಅದೇ ತಂಡದ ಹಾಡು. ಬೆಳಿಗ್ಗೆಯಿಂದ ಎರಡು ಸಲ ಡಬ್ಬಿಗಳ ಹತ್ತಿರ ಸುಳಿದಿದ್ದಳು. ಎರಡು ಸಲವೂ ಕೈ ಕೋಟಿನ ಜೇಬಿನಲ್ಲಿತ್ತು. ಇದನ್ನೆಲ್ಲ ನಾನು ಗಮನಿಸಿ ಇಟ್ಟುಕೊಂಡಿದ್ದೆ.

"ಓದಿದವ್ರ ಲೆಕ್ಕ ಬೇರೆ ಅಲ್ವಾ ಮೇಡಂ? ನಾವು ಒಂದು ಹಾಕಿದ್ರೆ ನೀವು ಹನ್ನೆರಡು," ಎಂದೆ, ಎಲ್ಲರ ಮುಂದೆ.

ಕೆಲವರು ನಕ್ಕರು. ನನ್ನ ಒಂದನೇ ನಂಬರ್ ಪ್ರೆಸ್ಸನ್ನೇ ಎರಡನೇ ಪಾಳಿಯಲ್ಲಿ ನಡೆಸುತ್ತಿದ್ದ ಇಪ್ಪತ್ತು ವರ್ಷಗಳ ಹಳೆಯ ಗೆಳೆಯ ನಗಲಿಲ್ಲ. ರ‍್ಯಾಪ್ ಅಂದರೆ ತರಕಾರಿ ಹರಾಜು ಕೂಗಿದ ಹಾಗೆ ಎಂದು ದಿನವೂ ಆಡಿಕೊಳ್ಳುತ್ತಿದ್ದವನು ಅವನು.

ಆಕೆ ದನಿ ಏರಿಸಲಿಲ್ಲ. ಆ ತಂಡದ ಡಬ್ಬಿಯನ್ನು ತಂದು ನನ್ನ ಮುಂದೆ ಸುರಿದಳು. "ಅಣ್ಣ, ಅಂಚು ನೋಡಿ ಯಾವ ಪ್ರೆಸ್ಸಿಂದು ಅಂತ ಹೇಳೋದು ನಂಗೆ ಕಲ್ಸಿದ್ದು ನೀವೇ. ನೋಡಿ ಹೇಳಿ."

ವಾಷರ್ ಕತ್ತರಿಸುವ ಅಚ್ಚಿನ, ಅಂದರೆ ಡೈಯ, ಅಂಚಿಗೆ ಒಂದು ಸಣ್ಣ ಏಟು ಬಿದ್ದಿದ್ದರೂ ಅದರಿಂದ ಬಂದ ಪ್ರತಿ ವಾಷರಿನಲ್ಲೂ ಅದೇ ಗೀರು ಇರುತ್ತದೆ. ನಾನು ಹಂಚಿದ್ದು ಮೂರನೇ ನಂಬರಿನವು, ನುಣುಪಾದವು. ಹೆಚ್ಚಾದ ಹನ್ನೊಂದರಲ್ಲೂ ಉಗುರಿಗೆ ಸಿಗುವ ಗೀರಿತ್ತು. ಅದು ಒಂದನೇ ನಂಬರಿನದು, ನನ್ನ ಪ್ರೆಸ್ಸಿನದು.

ಮೂರನೇದು ಎಂದುಬಿಟ್ಟಿದ್ದರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

"ಒಂದನೇ ನಂಬರ್," ಎಂದೆ. "ತಪ್ಪಾಯ್ತು ಮೇಡಂ." ಈ ಸಲ ಕೊಂಕಿರಲಿಲ್ಲ.

"ಹಂಗಾದ್ರೆ ನೀನೇ ಹಾಕಿದ್ಯಾ ಗುರು?" ಹಿಂದಿನಿಂದ ಯಾರೋ ಕೇಳಿದರು. ಶಾಪಿಗೆ ಶಾಪೇ ನನ್ನನ್ನು ನೋಡುತ್ತಿತ್ತು. ಆ ಪ್ರೆಸ್ಸನ್ನು ಮುಟ್ಟುವವರು ಇಬ್ಬರೇ. ಉತ್ತರ ನನಗೆ ಗೊತ್ತಿತ್ತು. ಗೀರಿನ ಹನ್ನೊಂದನ್ನು ಬೇರೆ ಮಾಡಿ ಇಡತೊಡಗಿದೆ.

ಗೆಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದ. "ನಾನು ಕಣ್ರೋ. ಅವ್ರು ನಮ್ ಲಗ್ಗೆರೆ ಹುಡುಗ್ರು. ಹಾಡಲ್ಲಿ ನಮ್ ಬೀದಿ ಬರುತ್ತೆ. ಇಷ್ಟು ವರ್ಷದಲ್ಲಿ ಯಾರ್ ಹಾಡಿದ್ರು ನಮ್ ಬೀದಿನ?"

ದಿನವೂ ಆಡಿಕೊಂಡ ಬಾಯಲ್ಲಿ ಅವರೇ ಇಷ್ಟ ಎನ್ನಲು ನಾಚಿಕೆ. ಎಲ್ಲರೆದುರು ತನ್ನ ಓಟನ್ನು ಗಡ್ಡದವನಿಗೆ ಹಾಕಿ, ಉಳಿದವರು ಊಟಕ್ಕೆ ಎದ್ದಾಗ ಕದ್ದು ಈ ಹನ್ನೊಂದನ್ನು ಆ ತಂಡದ ಡಬ್ಬಿಗೆ ಸುರಿದಿದ್ದನಂತೆ.

ಹನ್ನೊಂದು ತೆಗೆದರೆ ಆ ತಂಡ ಎರಡನೆಯದು. ಮರುದಿನ ಗಡ್ಡದವನ ಹಾಡು ಮುಗಿದು ಅವರದು ಬಂದಾಗ ಗೆಳೆಯ ಮೆಷಿನ್ನಿನ ಕಡೆ ಮುಖ ಮಾಡಿ, ಆಗಲೇ ಕಟ್ಟಿದ್ದ ಹೂವನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಮರುವರ್ಷದಿಂದ ಹಂಚುವುದನ್ನೂ ಎಣಿಸುವುದನ್ನೂ ಆ ಹೆಣ್ಣುಮಗಳಿಗೆ ಬಿಟ್ಟೆ. ಬಿಟ್ಟೆ ಎಂದರೆ, ಪಕ್ಕದಲ್ಲೇ ನಿಂತಿದ್ದೆ. ಒಂದೊಂದು ವಾಷರನ್ನೂ ಉಗುರಿನಿಂದ ಸವರಿ ನೋಡಿಯೇ ಡಬ್ಬಿಗೆ ಹಾಕಲು ಬಿಟ್ಟೆ. ಆಕೆ ಬೇಡ ಎನ್ನಲಿಲ್ಲ. ನನ್ನ ಸರದಿ ಬಂದಾಗ ಕೈ ಚಾಚಿ ನನ್ನ ವಾಷರನ್ನೂ ಇಸಿದುಕೊಂಡು, ಅಂಚಿನ ಮೇಲೆ ಒಂದು ಸುತ್ತು ಉಗುರಾಡಿಸಿದಳು.