ಪ್ಯಾಕಿಂಗಿಗೆ ಹೋದ ಲಗ್ನಪತ್ರಿಕೆ

ಮದುವೆ ಮುಗಿದ ಮೇಲೆ ಉಳಿದ ಲಗ್ನಪತ್ರಿಕೆಗಳನ್ನು ಉಳಿದ ಊರಿನವರು ಏನು ಮಾಡುತ್ತಾರೋ ನನಗೆ ತಿಳಿಯದು. ಕೊಳ್ಳೇಗಾಲದಲ್ಲಿ, ಮನೆಯಲ್ಲಿ ಹಳೆಯ ಮೋಟಾರ್ ಸೈಕಲ್ ಇದ್ದವರು, ಅವನ್ನು ಕಟ್ಟು ಕಟ್ಟಿ ತಂದು ಮೆಕ್ಯಾನಿಕ್ ಪುಟ್ಟಸಿದ್ದಯ್ಯನಿಗೆ ಕೊಡುತ್ತಿದ್ದರು. ಎಂಜಿನ್ನಿನ ಮುಚ್ಚಳದ ಸಂದಿನಲ್ಲಿ ಎಣ್ಣೆ ಸೋರದಂತೆ ಕೂರಿಸುವ ಪ್ಯಾಕಿಂಗ್ ಹಳೇ ಗಾಡಿಗಳಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಪುಟ್ಟಸಿದ್ದಯ್ಯ ಒಂದು ಲಗ್ನಪತ್ರಿಕೆಯನ್ನು ಮಡಿಕೆ ಬಿಚ್ಚಿ ಮುಚ್ಚಳದ ಮೇಲೆ ಹರಡಿ, ಅಂಚಿನ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಪ್ಯಾಕಿಂಗ್ ತಾನಾಗಿ ಕತ್ತರಿಸಿಕೊಂಡು ಬರುತ್ತಿತ್ತು. ಸ್ಕ್ರೂ ತೂತಿಗೆ ಒಂದು ಬೇರಿಂಗ್ ಗುಂಡು ಇಟ್ಟು ಒಂದೇ ಏಟು.

"ಬಡವ್ರ ಮದ್ವೆ ಕಾಗ್ದ ಆರ್ ತಿಂಗ್ಳಿಗೇ ಎಣ್ಣೆ ಕುಡ್ದು ಮೆತ್ತಗಾಯ್ತದೆ ಸಾ. ಸಾವ್ಕಾರ್ರ ಮದ್ವೇದಾದ್ರೆ ಮೂರೊರ್ಸ ಬಾಳ್ತದೆ" ಎನ್ನುತ್ತಿದ್ದ. ಹೀಗೆ ತಾಲ್ಲೂಕಿನ ಎಷ್ಟೋ ದಂಪತಿಗಳು ಗಾಡಿಗಳ ಹೊಟ್ಟೆಯಲ್ಲಿ ಜೊತೆಯಾಗಿ ಎಣ್ಣೆ ತಡೆಯುತ್ತ ಕೂತಿದ್ದರು. ಕೆಲವರು ಅಷ್ಟರಲ್ಲಿ ತವರು ಸೇರಿದ್ದರೂ ಪ್ಯಾಕಿಂಗ್ ಮಾತ್ರ ಬಿಟ್ಟಿರಲಿಲ್ಲ.

ನಾನು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರು. ನನ್ನದೊಂದು ಹಳೆಯ ಜಾವಾ ಇತ್ತು. ಹನೂರು, ರಾಮಾಪುರ, ಯಳಂದೂರು ಎಂದು ಎಲ್ಲೆಲ್ಲಿ ಮೈಕು ಹಾಕಿದರೂ ಭಾಷಣಕ್ಕೆ ಅದರ ಮೇಲೆ ಹೋಗುತ್ತಿದ್ದೆ. ನಾನು ಹೋಗದಿದ್ದರೆ ಆ ಊರುಗಳಲ್ಲಿ ಕನ್ನಡ ಉಳಿಯುವುದಿಲ್ಲ ಎಂಬ ಭಾವನೆ ನನಗಿತ್ತು. ಆ ಊರುಗಳಿಗೆ ಇರಲಿಲ್ಲ.

ತೊಂಬತ್ತೊಂದರ ಜನವರಿಯಲ್ಲಿ ಜಾವಾ ಎಣ್ಣೆ ಸೋರತೊಡಗಿತು. ಹೆಚ್ಚೇನಲ್ಲ, ನಿಲ್ಲಿಸಿದಲ್ಲಿ ಎರಡು ರೂಪಾಯಿ ಬಿಲ್ಲೆಯಷ್ಟು ಕಲೆ. ಆದರೆ ಹೆಡ್ಮಾಸ್ಟರು ಶಾಲೆಯ ಜಗಲಿಯ ಮೇಲಿನ ಕಲೆ ತೋರಿಸಿ, "ಇದು ನಿಮ್ದಾ ಮೇಷ್ಟ್ರೆ?" ಎಂದು ಹುಡುಗರ ಮುಂದೆ ಕೇಳಿದ ಮೇಲೆ ತಡೆಯಲಾಗಲಿಲ್ಲ.

ಪುಟ್ಟಸಿದ್ದಯ್ಯ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗೂಡಿನಿಂದ ಮಾದಪ್ಪನ ಬೆಟ್ಟದ ವಿಭೂತಿ ತೆಗೆದು ಪುಡಿ ಮಾಡಿ ಅದರ ಮೇಲೆಲ್ಲ ಊದಿದ. ನಾನು ಭಕ್ತಿಯಿಂದ ಚಪ್ಪಲಿ ಬಿಟ್ಟು ಕೈ ಮುಗಿದೆ. ಅವನು ನನ್ನನ್ನು ಒಂದು ಗಳಿಗೆ ನೋಡಿದ.

"ಪೂಜೆ ಅಲ್ಲ ಸಾ. ಎಣ್ಣೆ ಎಲ್ಲಿಂದ ಬತ್ತದೋ ಅಲ್ಲಿ ಬೂದಿ ಕಪ್ಪಾಯ್ತದೆ. ಚಪ್ಲಿ ಆಕಳಿ, ಮೊಳೆ ಬಿದ್ದವೆ."

ಇಷ್ಟು ಜಾಣ ತನ್ನ ಸ್ವಂತ ತಮ್ಮನ ವಿಷಯದಲ್ಲಿ ಮಾತ್ರ ಹನ್ನೆರಡು ವರ್ಷದಿಂದ ದಡ್ಡನಾಗಿದ್ದ. ತಮ್ಮ ಮಹದೇವಯ್ಯ ಸತ್ತೇಗಾಲದಲ್ಲಿ ಮನೆ ಕಟ್ಟಿಸಿ ಒಕ್ಕಲು ಬಂದ ದಿನ ಅಣ್ಣ ಪಂಕ್ತಿಯಲ್ಲಿ ಕೂರಲು ಬಂದ. ಬೀಗರೆಲ್ಲ ಕೂತಿದ್ದರು. "ಕೈ ತೊಳ್ಕಂಡ್ ಬಾರಣ್ಣ" ಎಂದ ತಮ್ಮ. ಅಣ್ಣ ಆಗಲೇ ಮೂರು ಸಲ ತೊಳೆದಿದ್ದ. ಮೆಕ್ಯಾನಿಕ್ಕಿನ ಕೈ ತೊಳೆದರೆ ಹೋಗುವಂಥದ್ದಲ್ಲ. ನಾಲ್ಕನೆಯ ಸಲ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿಂದಲೇ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದ. ಆಮೇಲೆ ಇವನು ಹೋಗಲಿಲ್ಲ, ಅವನು ಕರೆಯಲಿಲ್ಲ. ಇಬ್ಬರ ನಡುವೆ ಎಂಟೇ ಮೈಲಿ.

"ಅವ್ನಾಗ್ ಕರುದ್ರೆ ಈಗ್ಲೇ ಎದ್ದೋಯ್ತೀನಿ ಸಾ. ನಂಗೇನು ಮಕ್ಳಾ ಮರೀನಾ? ಇರದು ಅವ್ನೊಬ್ಬ, ಅವ್ನ ಮಗ್ಳೊಬ್ಳು" ಎಂದು ಅವನು ನನ್ನೊಡನೆ ಎಷ್ಟೋ ಸಲ ಹೇಳಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಮುಚ್ಚಳ ಬಿಚ್ಚಲು ಗಾಡಿ ಬಿಟ್ಟೆ. ಮಧ್ಯಾಹ್ನ ರಾಮಾಪುರದಲ್ಲಿ ಶಾಲಾ ವಾರ್ಷಿಕೋತ್ಸವ, ನಾನೇ ಅಧ್ಯಕ್ಷ. ಅವನನ್ನು ಅವಸರಪಡಿಸುತ್ತ ಅಂಗಡಿಯ ಬಾಗಿಲಲ್ಲೇ ಸ್ಟೂಲು ಹಾಕಿ ಕೂತು ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಅವನು ಒಳಗೆ ಇನ್ಯಾರದೋ ಗಾಡಿ ಶುರು ಮಾಡಿ ಸದ್ದು ಕೇಳುತ್ತಿದ್ದ. ಹೊಗೆ, ಗಲಾಟೆ. ಆಗ ಸತ್ತೇಗಾಲದಿಂದ ಎಳನೀರು ತಂದು ಮಾರುವ ಕೆಂಪನಂಜಪ್ಪ ಬಂದು ನನ್ನ ಕೈಗೆ ಒಂದು ಲಗ್ನಪತ್ರಿಕೆ ಇಟ್ಟ.

"ಸಾ, ಸಿದ್ದಯ್ಯಂಗೆ ಕೊಟ್ಬುಡಿ. ನಂಗೆ ಬಸ್ಸು ಒಂಟೋಯ್ತದೆ."

ನಾನು "ನಾಡಿನ ಭಾವೀ ಪ್ರಜೆಗಳೇ" ಎಂಬಲ್ಲಿದ್ದೆ. ತಲೆಯಾಡಿಸಿದೆ. ಪ್ಯಾಕಿಂಗಿಗೆಂದು ದಿನವೂ ಯಾರಾದರೂ ಕೊಟ್ಟು ಹೋಗುತ್ತಿದ್ದರಲ್ಲ, ಇದೂ ಅಂಥದ್ದೇ ಎಂದುಕೊಂಡೆ. ಮೂಲೆಗಳಿಗೆ ಹಸಿ ಅರಿಶಿನ ಹಚ್ಚಿತ್ತು, ಬೆರಳಿಗೆ ಅಂಟಿತು, ಪಂಚೆಗೆ ಒರೆಸಿಕೊಂಡೆ. ಎಂಜಿನ್ ನಿಂತಿತು. ಪುಟ್ಟಸಿದ್ದಯ್ಯ ನನ್ನ ಜಾವಾದ ಮುಂದೆ ಕೂತು, ತಲೆ ಎತ್ತದೆ ಕೈ ಚಾಚಿದ.

"ಸಾ, ಆ ಕಟ್ನಲ್ಲಿ ದಪ್ಪುಂದು ನೋಡಿ ಒಂದ್ ಕೊಡಿ."

ಕೈಯಲ್ಲಿದ್ದದ್ದು ದಪ್ಪಗಿತ್ತು. ಕೊಟ್ಟೆ. ಎಣ್ಣೆಗೈಗೆ ಅಂಟಿದ ಅರಿಶಿನ ಅವನಿಗೆ ಕಾಣಲಿಲ್ಲ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬರುತ್ತಿದ್ದ ನಾನು ನೋಡಲಿಲ್ಲ. "ಒಳ್ಳೆ ಕಾಗ್ದ ಸಾ, ಯಾರೋ ಆಸೆ ಪಟ್ಟು ಅಚ್ಚಾಕ್ಸವ್ರೆ" ಎಂದು ಸುತ್ತಿಗೆ ತೆಗೆದುಕೊಂಡ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಒಂದು ತೊಟ್ಟೂ ಸೋರದ ಗಾಡಿಯ ಮೇಲೆ ರಾಮಾಪುರಕ್ಕೆ ಹೋಗಿ ಒಂದೂವರೆ ಗಂಟೆ ಮಾತಾಡಿದೆ. ಮುಂದಿನ ಸಾಲಿನಲ್ಲಿ ಎಚ್ಚರವಾಗಿದ್ದವರು ಇಬ್ಬರು. ಅವರಲ್ಲಿ ಒಬ್ಬರು ಮೈಕಿನವರು.

ಬೇಸಿಗೆಯಲ್ಲಿ ಪುಟ್ಟಸಿದ್ದಯ್ಯನ ಮುಖ ಇಳಿದಿತ್ತು. ಯಾಕೆಂದು ಕೇಳಿದೆ.

"ನನ್ ತಮ್ಮನ ಮಗ್ಳ ಮದ್ವೆ ಆಯ್ತಂತೆ ಸಾ, ಪಾಲ್ಗುಣದಲ್ಲಿ. ಊರ್ಗೆಲ್ಲ ಕರ್ದವ್ನೆ. ನಂಗೊಂದ್ ಕಾಗ್ದ ಕಳಿಸ್ನಿಲ್ಲ." ಸ್ಪಾನರನ್ನು ಒರೆಸುತ್ತಲೇ ಇದ್ದ. "ನನ್ ಕಥೆ ಅವ್ನ ಪಾಲಿಗೆ ಮುಗಿದೋಯ್ತು, ಬುಡಿ."

ನನಗೆ ಆಗಲೂ ಹೊಳೆಯಲಿಲ್ಲ. ಹೊಳೆದದ್ದು ಒಂದು ವಾರದ ಮೇಲೆ, ಬಸ್ ನಿಲ್ದಾಣದಲ್ಲಿ ಕೆಂಪನಂಜಪ್ಪ ಎಳನೀರು ಕೆತ್ತುತ್ತ ಮಾತು ತೆಗೆದಾಗ.

"ಸಿದ್ದಯ್ಯಂದು ಕಲ್ಲೆದೆ ಬುಡಿ ಸಾ. ತಮ್ಮ ತಾನಾಗೇ ಕಳ್ಸುದ್ರೂ ಬರ್ನಿಲ್ಲ. ಆವತ್ತು ನಿಮ್ ಕೈಗೇ ಕೊಟ್ನಲ್ಲ?"

ಎಳನೀರು ಕೈಯಲ್ಲೇ ಉಳಿಯಿತು. ಆ ದಿನವೇ ಹೋಗಿ ಹೇಳಬೇಕಿತ್ತು. ಅಂಗಡಿಯವರೆಗೂ ಹೋದೆ, ನಾಲ್ಕು ಜನ ಗಿರಾಕಿಗಳಿದ್ದರು, ಅವರ ಮುಂದೆ ಮೇಷ್ಟ್ರು ತಪ್ಪೊಪ್ಪಿಕೊಳ್ಳುವುದು ಹೇಗೆಂದು ಬ್ರೇಕು ಬಿಗಿ ಮಾಡಿಸಿಕೊಂಡು ಬಂದೆ. ಇನ್ನೊಂದು ದಿನ ಯಾರೂ ಇರಲಿಲ್ಲ, ಆಗ ಕ್ಲಚ್ ವೈರು ಬದಲಾಯಿಸಿದೆ. ಹೀಗೆ ಹೇಳಲು ಹೋಗಿ ಹೋಗಿ ನನ್ನ ಗಾಡಿ ಹೊಸದರ ಹಾಗಾಯಿತು. ಆರು ತಿಂಗಳು ಕಳೆದವು. ನಾನು ಊರೂರಲ್ಲಿ ಸತ್ಯದ ಮೇಲೆ ಭಾಷಣ ಮಾಡುತ್ತಲೇ ಇದ್ದೆ.

ಕಾರ್ತೀಕದ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಸತ್ತೇಗಾಲದ ಬಸ್ಸಿನ ಕಂಡಕ್ಟರ್ ಕೆಳಗಿಳಿದು ಬಂದು, ಮಹದೇವಯ್ಯ ರಾತ್ರಿ ಎದೆನೋವಿನಿಂದ ಹೋಗಿಬಿಟ್ಟ ಎಂದು ಹೇಳಿ ಹೋದ. ಪುಟ್ಟಸಿದ್ದಯ್ಯ ಕೇಳಿಸಿಕೊಂಡ. ಎದ್ದೇಳಲಿಲ್ಲ. ಒಂದು ಸ್ಕ್ರೂವನ್ನು ತಿರುಗಿಸುತ್ತ ಹೋದ. ಅದು ಆಗಲೇ ಬಿಗಿಯಾಗಿತ್ತು.

"ಹೊರಡಪ್ಪ, ನಾನು ಕರೆದುಕೊಂಡು ಹೋಗ್ತೀನಿ" ಎಂದೆ.

"ಮದ್ವೆಗೆ ಬ್ಯಾಡ್ದಿದ್ದವ್ನು ಮಣ್ಣಿಗ್ಯಾಕ್ ಸಾ?"

ಆಗ ಹೇಳಿದೆ. ಕೆಂಪನಂಜಪ್ಪ ಕೊಟ್ಟದ್ದು, ಅರಿಶಿನ, ನಾನು ಓದದೆ ಚಾಚಿದ ಕೈಗೆ ಇಟ್ಟದ್ದು, ಬೇಸಿಗೆಯಿಂದ ಗೊತ್ತಿದ್ದೂ ಬಾಯಿ ಬಿಡದಿದ್ದದ್ದು. ಒಂದೂವರೆ ಗಂಟೆ ಮಾತಾಡಬಲ್ಲ ನನಗೆ ಅದನ್ನು ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ.

ಅವನು ಎದ್ದು ನನ್ನ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮುಚ್ಚಳದ ಅಂಚಿನಲ್ಲಿ ಬೆರಳಾಡಿಸಿ ನೋಡಿದ. ಒಣಗಿತ್ತು.

"ಬಿಚ್ಚಿ ನೋಡೋಣವೇ?" ಎಂದೆ, ಮೂರ್ಖನ ಹಾಗೆ.

"ಬಿಚ್ಚುದ್ರೆ ಅರ್ದೋಯ್ತದೆ ಸಾ" ಎಂದ. ಬೆರಳು ತೆಗೆಯದೆ, "ಅವ್ನಾಗೇ ಕಳ್ಸಿದ್ನಾ?" ಎಂದು ಕೇಳಿದ.

"ಹೌದಂತೆ."

"ಅರಿಶ್ಣ ಅಚ್ಚಿತ್ತಾ?"

"ನಾಲ್ಕೂ ಮೂಲೆಗೆ."

ನಾವು ಸತ್ತೇಗಾಲ ಮುಟ್ಟುವ ಹೊತ್ತಿಗೆ ಹೊಲದಿಂದ ಜನ ವಾಪಸು ಬರುತ್ತಿದ್ದರು. ಮಣ್ಣು ಮಾಡಿ ಆಗಿತ್ತು. ಅಣ್ಣನಾದವನು ಹಾಕಬೇಕಾದ ಮೊದಲ ಹಿಡಿಯನ್ನು ಯಾರೋ ದಾಯಾದಿ ಹಾಕಿದ್ದನಂತೆ. ಪುಟ್ಟಸಿದ್ದಯ್ಯ ಹೊಲಕ್ಕೆ ಒಬ್ಬನೇ ಹೋಗಿ ಬಂದ. ಎಷ್ಟು ಹೊತ್ತು ಇದ್ದನೋ, ನಾನು ಗಾಡಿಯ ಹತ್ತಿರವೇ ನಿಂತಿದ್ದೆ.

ಮನೆಯಲ್ಲಿ ತಮ್ಮನ ಹೆಂಡತಿ ರಾಮಮ್ಮ ಗೋಡೆಗೊರಗಿ ಕೂತಿದ್ದಳು. ಹೊಸ ಮದುವೆಯ ಮಗಳು ಪಕ್ಕದಲ್ಲಿದ್ದಳು. ಜಗಲಿಯ ತುಂಬ ಊರವರು. ರಾಮಮ್ಮ ಅಳದೆ, ಸಿಟ್ಟಿಲ್ಲದೆ ಕೇಳಿದಳು.

"ಮದ್ವೇಲಿ ಪಂಕ್ತಿ ತಲೇಲಿ ನಿಮ್ಗೇಂತ ಒಂದೆಲೆ ಆಕ್ಸಿದ್ರು ಬಾವ. ಯಾರನ್ನೂ ಕೂರ್ಸಕೆ ಬುಡ್ನಿಲ್ಲ. ಮೂರ್ ಪಂಕ್ತಿ ಆದ್ರೂ ಅಂಗೇ ಇತ್ತು. ಯಾಕ್ ಬರ್ನಿಲ್ಲ ಬಾವ?"

ಪುಟ್ಟಸಿದ್ದಯ್ಯ ನನ್ನ ಕಡೆ ನೋಡಿದ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರೋ ಗೌರವದಿಂದ ತಂದಿಟ್ಟ ಒಂದೇ ಒಂದು ಕುರ್ಚಿಯ ಮೇಲೆ ಕೂತಿದ್ದೆ.

"ನಂದೇ ತಪ್ಪು ಕಣವ್ವ" ಎಂದ. "ಕಾಗ್ದ ಬಂದಿತ್ತು. ಜಂಬ, ಬರ್ನಿಲ್ಲ."

ಹಿಂದಿನಿಂದ ಒಬ್ಬ ಮುದುಕ "ಇಂಥೋರು ಇರ್ತಾರಾ" ಎಂದು ಪಕ್ಕಕ್ಕೆ ಉಗಿದ. ಆಗಲಾದರೂ ನಾನು ಎದ್ದು ನಿಂತು ಎರಡು ಮಾತು ಆಡಬಹುದಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಮೌನವಾಗಿ ಕಾದು ಕೂತ ಸಭೆ ಇನ್ನೊಂದಿರಲಿಲ್ಲ. ನಾನು ಆಡಲಿಲ್ಲ.

ಪುಟ್ಟಸಿದ್ದಯ್ಯ ಎದ್ದ. ಸಾವಿನ ಮನೆಯಿಂದ ಹೊರಡುವವರು ಹೇಳದೆ ಹೊರಡಬೇಕು. ಬರುತ್ತೇನೆ ಎಂಬ ಮಾತು ಅಲ್ಲಿ ಆಡಬಾರದು. ಅದು ಅವನಿಗೂ ಗೊತ್ತಿತ್ತು. ಹೊಸಿಲ ಹತ್ತಿರ ನಿಂತು ತಮ್ಮನ ಮಗಳ ತಲೆಯ ಮೇಲೆ ಕೈಯಿಟ್ಟ.

"ಬತ್ತೀನಿ ಕಣ್ ಮಗ" ಎಂದ. ರಾಮಮ್ಮನ ಕಡೆ ತಿರುಗಿ ಇನ್ನೊಂದು ಸಲ, "ಬತ್ತೀನಿ ಕಣವ್ವ."

ಯಾರೂ ಅವನನ್ನು ತಿದ್ದಲಿಲ್ಲ.